ಮೊಣಕಾಲೂರಿದ ಮಕ್ಕಳು

"ಒಬ್ಬಳೇ ಮಗಳು," ಎಂದ ಕ್ಲೈವ್. "ಲಿಂಕನ್‌ನಲ್ಲಿ ನರ್ಸ್ ಆಗಿದ್ದಾಳೆ."

ಕೇಳಿದವಳು ಬಸ್ಸಿನಲ್ಲಿ ಅವನ ಮುಂದಿನ ಸೀಟಿನಲ್ಲಿ ಕೂತಿದ್ದ ಬ್ರೆಂಡಾ. ಪಾಳುಬಿದ್ದ ಕೋಟೆಯ ಹುಲ್ಲುದಿಬ್ಬದ ಮೇಲೆ ಚಹಾದ ಫ್ಲಾಸ್ಕ್ ಬಿಚ್ಚಿ, ತನ್ನ ಮಕ್ಕಳು ಮೊಮ್ಮಕ್ಕಳ ಪುರಾಣವನ್ನೆಲ್ಲ ಒಪ್ಪಿಸಿ, "ನಿಮಗೆಷ್ಟು ಜನ?" ಎಂದಿದ್ದಳು. ಮಾತಿಗೆ ಕೇಳಿದ್ದು, ಅಷ್ಟೆ. ಕ್ಲೈವ್‌ನ ಪಕ್ಕದಲ್ಲಿದ್ದ ಹೆಂಡತಿ ಗ್ಲೆಂಡಾ ಅರ್ಧ ತಿಂದ ಸ್ಯಾಂಡ್‌ವಿಚ್ಚನ್ನು ಮತ್ತೆ ಕಾಗದದಲ್ಲಿ ಸುತ್ತಿ, ಎದ್ದು ಗೋಡೆಯ ಕಡೆ ನಡೆದಳು.

ಪ್ರವಾಸದ ಟಿಕೆಟ್ ತಂದವನು ಕ್ಲೈವನೇ. ಮಗ ಜೋಯಲ್ ಎರಡು ವರ್ಷದ ಹಿಂದೆ, ಹಿಮಗಟ್ಟಿದ ರಸ್ತೆಯಲ್ಲಿ ಬೈಕ್ ಜಾರಿ ಸತ್ತ ಮೇಲೆ ಗ್ಲೆಂಡಾಳಿಗೆ ಮನೆ ಬಿಟ್ಟರೆ ಅಂಗಡಿ, ಅಂಗಡಿ ಬಿಟ್ಟರೆ ಮನೆ. ನಾರ್ಫೋಕಿನ ಕೋಟೆ, ಸಿರಿವಂತರ ಹಳೇ ಬಂಗಲೆ, ಹಳ್ಳಿಯ ಇಗರ್ಜಿ ಎಲ್ಲ ಒಂದೇ ದಿನದಲ್ಲಿ ಎಂಬ ಜಾಹೀರಾತನ್ನು ಗ್ರಂಥಾಲಯದಲ್ಲಿ ಕಂಡಾಗ, ಹೊರಗಿನ ಗಾಳಿ ತಾಗಿದರೆ ಅವಳ ಮನಸ್ಸು ತುಸು ತಿಳಿಯಾದೀತು ಎಂದುಕೊಂಡಿದ್ದ.

"ಈ ಕೋಟೇನ ಯಾವ ಶತ್ರುವೂ ಬೀಳಿಸ್ಲಿಲ್ಲ ಕಣ್ರೀ," ಎಂದು ಡ್ರೈವರ್ ನಾಬಿ ಕೂಗಿ ಹೇಳುತ್ತಿದ್ದ. "ನಮ್ಮೂರೋರೇ ಕಲ್ಲು ಕಿತ್ಕೊಂಡು ಹೋಗಿ ಹಂದಿಗೂಡು ಕಟ್ಕೊಂಡ್ರು!"

ಎಲ್ಲರೂ ನಕ್ಕರು. ಕ್ಲೈವ್ ಹೆಂಡತಿಯ ಹಿಂದೆ ಹೋದ.

"ಒಬ್ಬಳೇ ಅಂದೆ," ಎಂದಳು ಗ್ಲೆಂಡಾ, ತಿರುಗದೆ.

"ಇಬ್ಬರು ಅಂದ್ರೆ ಮಗ ಏನ್ ಮಾಡ್ತಾನೆ ಅಂತಾರೆ. ಹೇಳಿದ್ರೆ ಮುಖ ಸಣ್ಣ ಮಾಡ್ತಾರೆ. ಆಮೇಲೆ ಅವರನ್ನ ನಾನೇ ಸಮಾಧಾನ ಮಾಡ್ತಾ ಕೂರ್ಬೇಕು."

"ಮಾಡು. ನಿನ್ ಗಂಟೇನು ಹೋಗುತ್ತೆ?"

"ಗ್ಲೆಂಡಾ..."

"ಹಲ್ಲಿನ ಡಾಕ್ಟರ್ ಹತ್ರಾನೂ ಹೀಗೇ ಅಂದೆ. ಹೊಸ ನೆರೆಮನೆಯವರ ಹತ್ರಾನೂ ಅಂದೆ. ಇವತ್ತು ನನ್ನ ಕಣ್ಣೆದುರಿಗೇ ಅಂದೆಯಲ್ಲ."

ಕೋಟೆಯಿಂದ ಹೊರಟ ಮೇಲೆ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು. ಬಂಗಲೆಯ ಉದ್ದನೆಯ ಕೋಣೆಯಲ್ಲಿ ಯಾರೂ ಕೂರದಿರಲೆಂದು ಹಳೆಯ ಕುರ್ಚಿಗಳ ಮೇಲೆಲ್ಲ ಒಣಗಿದ ಮುಳ್ಳುಹೂಗಳನ್ನಿಟ್ಟಿದ್ದರು. ಜೋಯಲ್ ಚಿಕ್ಕವನಿದ್ದಾಗ ಇಂಥದೇ ಒಂದು ಮನೆಯಲ್ಲಿ ನೇರ ಅದರ ಮೇಲೇ ಕೂತು, ಹಾರಿಬಿದ್ದು, ಇಡೀ ಕೋಣೆ ಕುಣಿದಾಡಿದ್ದ. ಕ್ಲೈವ್‌ಗೆ ನಗು ಬಂತು. ಹೇಳೋಣವೆಂದು ತಿರುಗಿ ನೋಡಿದರೆ ಗ್ಲೆಂಡಾ ಅಂಥದೇ ಒಂದು ಕುರ್ಚಿಯನ್ನು ದಿಟ್ಟಿಸುತ್ತ ನಿಂತಿದ್ದಳು. ಅವನು ಮುಂದಿನ ಕೋಣೆಗೆ ನಡೆದ.

ಕೊನೆಗೆ ಬಂದದ್ದು ಇಗರ್ಜಿ. ಕರಿಯ ಚಕಮಕಿ ಕಲ್ಲಿನ ಸಣ್ಣ ಕಟ್ಟಡ, ಒಳಗೆ ಮೇಣದ ಮತ್ತು ತೇವದ ವಾಸನೆ. ತೋರಿಸಲು ಬಂದ ಮುದುಕಿ ರೋಸಲಿಂಡ್ ತನ್ನ ಊರುಗೋಲಿನಿಂದ ಗೋಡೆಪಕ್ಕದ ಸಮಾಧಿಯೊಂದನ್ನು ತಟ್ಟಿದಳು. ಮೇಲೆ ಹಾಲುಬಿಳುಪಿನ ಕಲ್ಲಿನಲ್ಲಿ ಗಂಡ ಹೆಂಡತಿ ಅಂಗಾತ ಮಲಗಿದ್ದರು. ಕೆಳಗಿನ ಪಟ್ಟಿಯಲ್ಲಿ ಮಕ್ಕಳು ಸಾಲಾಗಿ ಮೊಣಕಾಲೂರಿದ್ದರು.

"ಗಡ್ಡದೋನು ಹಿರೀಮಗ. ಅಪ್ಪನ ಆಸ್ತೀನೆಲ್ಲ ಕುದುರೆ ಬಾಲಕ್ಕೆ ಕಟ್ಟಿದ ಆಸಾಮಿ," ಎಂದು ಮುದುಕಿ ಎಲ್ಲರನ್ನೂ ನಗಿಸಿದಳು. "ಇನ್ನು ಈ ಮೂವರ ಕೈಲಿ ಏನಿದೆ, ಹೇಳಿ ನೋಡೋಣ."

ಬ್ರೆಂಡಾ ಬಗ್ಗಿ ನೋಡಿದಳು. "ಚೆಂಡಾ?"

"ತಲೆಬುರುಡೆ. ಅಪ್ಪ ಅಮ್ಮನಿಗಿಂತ ಮೊದಲೇ ಹೋದ ಮಕ್ಕಳು ಅಂತ ಅದರರ್ಥ. ಈ ಕೊನೇದಂತೂ ತೊಟ್ಟಿಲು ಇಳಿದೇ ಇರ್ಲಿಲ್ಲ, ಪಾಪ."

"ಆದ್ರೂ ಸಾಲಲ್ಲಿ ಸೇರಿಸಿದಾರೆ?" ಎಂದಳು ಗ್ಲೆಂಡಾ. ಬೆಳಗಿನಿಂದ ಅವಳು ಎಲ್ಲರ ಮುಂದೆ ಆಡಿದ ಮೊದಲ ಮಾತು ಅದು.

"ಸೇರಿಸ್ದೆ ಮತ್ತೆ? ಅವರ ಮಕ್ಕಳಲ್ವೇನಮ್ಮ?" ಎಂದ ಮುದುಕಿ, ಇದೂ ಒಂದು ಪ್ರಶ್ನೆಯೇ ಎಂಬಂತೆ, ಎಲ್ಲರನ್ನೂ ಕರೆದುಕೊಂಡು ಬಣ್ಣದ ಗಾಜಿನ ಕಿಟಕಿಯತ್ತ ಹೋದಳು.

ಗ್ಲೆಂಡಾ ಹೋಗಲಿಲ್ಲ. ತಣ್ಣನೆಯ ನೆಲದ ಮೇಲೆ ಮೊಣಕಾಲೂರಿ, ಸವೆದು ಮೂಗೇ ಇಲ್ಲವಾಗಿದ್ದ ಆ ಪುಟ್ಟ ಮುಖವನ್ನು ಬೆರಳಿನಿಂದ ಮುಟ್ಟಿದಳು. ಮಂದಿಯೆಲ್ಲ ಹೊರಗೆ ಹೋದರೂ ಏಳಲಿಲ್ಲ. ಕ್ಲೈವ್ ಹಿಂದೆಯೇ ನಿಂತಿದ್ದ.

"ನಮ್ಮ ಹುಡುಗನಿಗೆ ಒಂದು ಕಲ್ಲೂ ಇಲ್ಲ, ಕ್ಲೈವ್. ಪಕ್ಕದ ಗೋರಿಗೆ ಹೂ ತರೋರು ಅವನ ಮೇಲೇ ಕಾಲಿಟ್ಕೊಂಡು ಹೋಗ್ತಾರೆ. ನಾನೇ ನೋಡಿದೀನಿ."

ಕಲ್ಲುಕೆತ್ತುವವನು ಎಷ್ಟೋ ಸಲ ಫೋನ್ ಮಾಡಿದ್ದ, ಏನು ಬರೆಯಬೇಕು ಹೇಳಿ ಎಂದು. ಕ್ಲೈವ್ ಇವತ್ತು ನಾಳೆ ಎಂದು ತಳ್ಳುತ್ತ, ಕೊನೆಗೆ ಫೋನ್ ಎತ್ತುವುದನ್ನೇ ಬಿಟ್ಟಿದ್ದ.

"ಹೆಸರು ಕೆತ್ತಿಸಿಬಿಟ್ರೆ..." ಎಂದ. "ಕೆತ್ತಿಸಿಬಿಟ್ರೆ, ಆಮೇಲೆ ಅವನು ಬಂದು ಬಾಗಿಲು ತಟ್ಟಲ್ಲ."

ಗ್ಲೆಂಡಾ ತಲೆಯೆತ್ತಿ ಅವನನ್ನು ನೋಡಿದಳು.

"ಕಾಯ್ತಾ ಇದೀಯಾ?"

"ಬೈಕಿನ ಸದ್ದಾದ್ರೆ ಈಗ್ಲೂ ಕಿಟಕಿಗೆ ಹೋಗ್ತೀನಿ."

"ನಾನೊಬ್ಬಳೇ ಅಂದ್ಕೊಂಡಿದ್ದೆ," ಎಂದಳು ಅವಳು. "ನೀನು ಮರೆತೇಬಿಟ್ಟೆ ಅಂದ್ಕೊಂಡಿದ್ದೆ."

ಬಾಗಿಲು ಕಿರುಗುಟ್ಟಿತು. "ಎಲ್ಲಿದೀರ್ರೀ? ನಾಬಿ ಹೊರಟು ನಿಂತಿದಾನೆ, ನಿಮ್ಮಿಬ್ಬರನ್ನೇ..." ಎನ್ನುತ್ತ ಬಂದ ಬ್ರೆಂಡಾ ಗ್ಲೆಂಡಾಳ ಮುಖ ನೋಡಿ ಅಲ್ಲೇ ನಿಂತಳು.

"ಬೆಳಿಗ್ಗೆ ನಿಮಗೆ ತಪ್ಪು ಹೇಳಿದೆ, ಬ್ರೆಂಡಾ," ಎಂದ ಕ್ಲೈವ್. "ನಮಗೆ ಇಬ್ಬರು. ಟೆಸ್ ದೊಡ್ಡವಳು. ಇವನು ಜೋಯಲ್."

ಬುರುಡೆ ಹಿಡಿದ ಮಗುವೊಂದರತ್ತ ಕೈ ತೋರಿದ. ಅವನು ಅಂಜಿದ್ದಂತೆಯೇ ಬ್ರೆಂಡಾಳ ಮುಖ ಸಣ್ಣದಾಯಿತು. ಆದರೆ ಅವಳು ಏನೂ ಕೇಳಲಿಲ್ಲ. "ಜೋಯಲ್," ಎಂದು ಮೆಲ್ಲಗೆ ಅಂದುಕೊಂಡು, "ನೀವು ನಿಧಾನಕ್ಕೆ ಬನ್ನಿ. ನಾಬಿಗೆ ನಾನು ಹೇಳ್ತೀನಿ," ಎಂದು ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದಳು.

ಕ್ಲೈವ್ ಸಮಾಧಿಯ ಅಂಚು ಹಿಡಿದು, ನೋಯುವ ಮಂಡಿಗಳನ್ನು ಒಂದೊಂದಾಗಿ ಮಡಿಸಿ, ಹೆಂಡತಿಯ ಪಕ್ಕದಲ್ಲಿ ಊರಿದ. ಅವನ ಮುಖದ ಮಟ್ಟಕ್ಕೇ ಆ ಸಾಲು ಇತ್ತು. ಸ್ವಲ್ಪ ಹೊತ್ತಿಗೆ ಹೊರಗೆ ಗುರುಗುಡುತ್ತಿದ್ದ ಬಸ್ಸಿನ ಎಂಜಿನ್ ನಿಂತಿತು.