ಕೈ ನಂಬಿದ ಗಂಗಣ್ಣ

ನಮ್ಮ ಗಂಗಣ್ಣ ನಡೆದುಹೋಗುವಾಗಲೂ ಬಸ್ಸು ಓಡಿಸುತ್ತಿದ್ದ. ದೊಡ್ಡಬಳ್ಳಾಪುರದ ಪೇಟೆಬೀದಿಯಲ್ಲಿ ಬೆನ್ನ ಹಿಂದೆ ಸೈಕಲ್ಲಿನ ಸದ್ದು ಕೇಳಿದರೆ ಸಾಕು, ತಿರುಗಿಯೂ ನೋಡದೆ ಎಡಕ್ಕೆ ಸರಿದು, ಬಲಗೈಯನ್ನು ಹೊರಚಾಚಿ, ದಾರಿ ಖಾಲಿಯಿದೆ ಹೋಗು ಎಂಬಂತೆ ಮೆಲ್ಲಗೆ ಮುಂದಕ್ಕೆ ಬೀಸುತ್ತಿದ್ದ. ವರ್ಷಗಟ್ಟಲೆ ಕಿಟಕಿಯಾಚೆ ಬಿಸಿಲುಂಡ ಆ ಕೈ ಎಡಗೈಗಿಂತ ಎಷ್ಟು ಕಪ್ಪಾಗಿತ್ತೆಂದರೆ, ಅವನು ಕೈಜೋಡಿಸಿ ನಿಂತರೆ ಇಬ್ಬರು ಸೇರಿ ಒಂದು ನಮಸ್ಕಾರ ಮಾಡಿದಂತೆ ಕಾಣುತ್ತಿತ್ತು.

ತೂಬಗೆರೆ ಸುತ್ತಿನ ಹಳ್ಳಿಗಳಿಂದ ಹೆಣ್ಣುಮಕ್ಕಳನ್ನು ನಮ್ಮ ಗಾರ್ಮೆಂಟ್ಸಿಗೆ ಕರೆತರುವ ಬಸ್ಸು ಅವನದು. ಅಲ್ಲಿನ ಆಫೀಸಿನಲ್ಲಿ ಕೆಲಸ ಮಾಡುವ ನಾನೂ ಅದೇ ಬಸ್ಸಿನ ಗಿರಾಕಿ. ಬಾಗಿಲ ಪಕ್ಕದ ಮೊದಲ ಸೀಟು ಅವನ ತಂಗಿ ಮುನಿವೆಂಕಟಮ್ಮನಿಗೆ ಮೀಸಲು. ಗಂಡ ತೀರಿಹೋದ ಮೇಲೆ ಅವಳನ್ನೂ ಅವಳ ಮಗಳು ಸಿಂಚನಳನ್ನೂ ಗಂಗಣ್ಣನೇ ತನ್ನ ಮನೆಗೆ ಕರೆತಂದಿದ್ದ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಾಗಿ ಕೂರುವ ಆಕೆ ಬಸ್ಸಿನಲ್ಲಿ ಮಾತ್ರ ನೆಟ್ಟಗೆ ಕೂತು, ದಾರಿಯುದ್ದಕ್ಕೂ ಅಣ್ಣನಿಗೆ ಬುದ್ಧಿ ಹೇಳುತ್ತಿದ್ದಳು.

ಬಸ್ಸು, ಲಾರಿಗಳ ಚಾಲಕರಲ್ಲಿ ಒಂದು ಹಳೆಯ ಪದ್ಧತಿಯುಂಟು. ಮುಂದಿನ ಗಾಡಿ ದಾರಿಗೆ ಅಡ್ಡವಾದಾಗ ಅದರ ಚಾಲಕನೇ ಎದುರಿನ ರಸ್ತೆ ನೋಡಿ, ಕಿಟಕಿಯಿಂದ ಕೈಬೀಸಿ, ಹಿಂದಿನವನನ್ನು ದಾಟಲು ಬಿಡುತ್ತಾನೆ. ದಾಟಿದವನು ಎರಡು ಸಲ ಚುಟುಕಾಗಿ ಹಾರನ್ ಹೊಡೆದು ಉಪಕಾರ ಸ್ಮರಿಸುತ್ತಾನೆ. ಗಂಗಣ್ಣ ಶನಿವಾರದ ಪೂಜೆ ಮರೆತಾನು, ಆ ಎರಡು ಹಾರನ್ ಮರೆಯುತ್ತಿರಲಿಲ್ಲ.

ಹೋದ ವರ್ಷ ನಮ್ಮ ಬಸ್ಸಿಗೂ, ಆ ರಸ್ತೆಯ ಕೆಲವು ಟ್ಯಾಕ್ಸಿ, ಹಾಲಿನ ಟ್ಯಾಂಕರುಗಳಿಗೂ ಪರೀಕ್ಷೆಗೆಂದು ಒಂದೊಂದು ಡಬ್ಬ ಕೂರಿಸಿದರು. ಡಬ್ಬವಿರುವ ಗಾಡಿಗಳು ತಾವೆಲ್ಲಿದ್ದೇವೆ, ಎಷ್ಟು ವೇಗದಲ್ಲಿ ಬರುತ್ತಿದ್ದೇವೆ ಎಂಬುದನ್ನು ತಮ್ಮತಮ್ಮಲ್ಲೇ ತಿಳಿಸಿಕೊಂಡು, ಅಪಾಯ ಹತ್ತಿರವಾದರೆ ಕೂಗಿ ಎಚ್ಚರಿಸುತ್ತವೆ. ಮೊದಮೊದಲು ಅದು ಕಂಡಕಂಡದ್ದಕ್ಕೆಲ್ಲ ಅರಚಿತು. ಗಂಗಣ್ಣ ತನ್ನ ಟವಲನ್ನು ಅದಕ್ಕೆ ಹೊದಿಸಿಬಿಟ್ಟ. ಡಬ್ಬ ಕೂರಿಸಿದ ಎಂಜಿನಿಯರ್ ಉಮಾಶಂಕರ್ ಸಹನೆಯಿಂದಲೇ ಹೇಳಿದರು: "ಅಣ್ಣಾ, ತಿರುವಿನಾಚೆ ಬರೋ ಗಾಡೀನೂ ಇದಕ್ಕೆ ಗೊತ್ತಾಗುತ್ತೆ. ನಮ್ಮ ಕಣ್ಣಿಗೆ ಕಾಣಲ್ಲ."

"ಲಾರಿಯೋನು ತಪ್ಪು ಕೈ ತೋರ್ಸಿದ್ರೆ ನಾಳೆ ಟೀ ಅಂಗ್ಡೀಲಿ ಕೊಳಪಟ್ಟಿ ಹಿಡ್ಕೊಂಡು ಕೇಳ್ತೀನಿ ಸಾರ್. ಇದ್ನ ಎಲ್ಲಿ ಹಿಡ್ಕೊಂಡು ಕೇಳ್ಲಿ?"

ಬಸ್ಸಿಗೆ ಬಸ್ಸೇ ನಕ್ಕಿತು. ನಗದವಳು ಮುನಿವೆಂಕಟಮ್ಮ ಒಬ್ಬಳೇ. ಎದ್ದು ಹೋಗಿ ಟವಲು ತೆಗೆದು ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಅದೇ ದಿನಚರಿಯಾಯಿತು. ಅವನು ಹೊದಿಸುತ್ತಿದ್ದ, ಅವಳು ತೆಗೆಯುತ್ತಿದ್ದಳು.

ಜನವರಿಯ ಆ ಬೆಳಗ್ಗೆ ಬೆಟ್ಟದ ಕಡೆಯಿಂದ ಇಳಿದ ಮಂಜು ರಸ್ತೆಯನ್ನು ಮುಕ್ಕಾಲು ನುಂಗಿತ್ತು. ಮುಂದೆ ಒಂದು ಇಟ್ಟಿಗೆ ಲಾರಿ ತೆವಳುತ್ತಿತ್ತು. ಅದರಲ್ಲಿ ಡಬ್ಬವಿರಲಿಲ್ಲ, ಕಿಟಕಿಯಿಂದ ಕೈಯೊಂದು ಹೊರಬಂದು ಮುಂದಕ್ಕೆ ಬೀಸಿತು. ಗಂಗಣ್ಣ ಬಲಕ್ಕೆ ಎಳೆದ ಕ್ಷಣವೇ ನಮ್ಮ ಡಬ್ಬ ಕಿರುಚತೊಡಗಿತು.

"ಅಣ್ಣಯ್ಯಾ, ಬಡ್ಕೊಂತೈತೆ, ನಿಲ್ಸು!"

"ಅವ್ನು ಕೈ ತೋರ್ಸವ್ನೆ ಕಣವ್ವ," ಎಂದು ಗಂಗಣ್ಣ ವೇಗ ಹೆಚ್ಚಿಸಿದ.

ಲಾರಿಯವನಿಗೆ ಕಂಡಷ್ಟು ದಾರಿ ನಿಜಕ್ಕೂ ಖಾಲಿಯಿತ್ತು. ತಿರುವಿನಾಚೆ ಹಾಲಿನ ಟ್ಯಾಂಕರ್ ಬರುತ್ತಿತ್ತು. ತನ್ನ ಡಬ್ಬದ ಕೂಗಿಗೆ ಅದರ ಚಾಲಕ ಆಗಲೇ ಬ್ರೇಕ್ ಒತ್ತಿದ್ದರಿಂದ ಅವನು ಉಳಿದ. ಗಂಗಣ್ಣ ಟ್ಯಾಂಕರನ್ನು ತಪ್ಪಿಸಲು ಎಡಕ್ಕೆ ಎಳೆದಾಗ ಬಸ್ಸಿನ ಎಡಮೂಲೆ ಲಾರಿಯ ಹಿಂಬದಿಗೆ ಅಪ್ಪಳಿಸಿತು. ನಮಗೆಲ್ಲ ಸಣ್ಣಪುಟ್ಟ ಗಾಯ, ಗಂಗಣ್ಣನ ಕಾಲಿಗೆ ಜೋರು ಪೆಟ್ಟು. ಮೊದಲ ಸೀಟಿನ ಮುನಿವೆಂಕಟಮ್ಮ ಅಲ್ಲೇ ಹೋದಳು.

ಠಾಣೆಯಲ್ಲಿ ಲಾರಿಯವನ ತಪ್ಪೆಷ್ಟು ಎಂದು ಕೇಳಿದರೆ ಗಂಗಣ್ಣ ಅಂದದ್ದು ಇಷ್ಟೇ: "ಅವ್ನಿಗೆ ಕಂಡಿದ್ದು ಅವ್ನು ಹೇಳ್ದ ಸಾರ್. ಅವ್ನ ತಂಟೆಗೆ ಹೋಗ್ಬೇಡಿ." ತಂಗಿ ಸತ್ತ ಮೇಲೂ ಆ ಕೈಯನ್ನು ಬಿಟ್ಟುಕೊಡದವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವನಷ್ಟು ನಂಬಿಕಸ್ತ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ ಎಂಬುದೂ ಅಷ್ಟೇ ನಿಜ.

ಮೊನ್ನೆ ಸಿಂಚನ ಅಮ್ಮನ ಕೆಲಸಕ್ಕೆ ಸೇರಿದಳು. ಬಸ್ಸಿಗೆ ಹತ್ತಿಸಲು ಕುಂಟುತ್ತಾ ಬಂದ ಗಂಗಣ್ಣ ಹೊಸ ಚಾಲಕ ನವೀನ್‌ಕುಮಾರನ ಕಿಟಕಿಯ ಕೆಳಗೆ ನಿಂತ.

"ಡಬ್ಬ ಕೂಗಿದ್ರೆ ನಿಲ್ಲಿಸ್ತೀಯೇನಪ್ಪಾ?"

"ನಿಲ್ಲಿಸ್ತೀನಿ ಕಣಣ್ಣ."

"ಮುಂದ್ಲೋನು ಕೈ ತೋರ್ಸಿದ್ರೆ?"

"ತೋರ್ಸಿದ್ರೂ ನಿಲ್ಲಿಸ್ತೀನಿ."

"ಹಂಗೇ ಮಾಡು," ಎಂದು ಗಂಗಣ್ಣ ಮುಖ ತಿರುಗಿಸಿಕೊಂಡ.

ಈ ಬಗೆಯ ಜನಕ್ಕೆ ಯಂತ್ರದ ಮೇಲೆ ದ್ವೇಷವೇನಿಲ್ಲ. ಎಚ್ಚರಿಕೆಯ ಹಿಂದೆ ಒಬ್ಬ ಮನುಷ್ಯನಿರಬೇಕೆಂಬುದೇ ಅವರ ಹಟ. ಮನುಷ್ಯ ಎಷ್ಟೇ ಪ್ರಾಮಾಣಿಕನಾದರೂ ತಿರುವಿನಾಚೆ ಕಾಣಲಾರನೆಂದು ಅವರಿಗೆ ಯಾರೂ ಬಾಯಿಮಾತಿನಲ್ಲಿ ಕಲಿಸಲಾರರು. ಅವರು ಕಲಿಯುವ ಹೊತ್ತಿಗೆ ಅದರ ಬೆಲೆಯನ್ನು ಪಕ್ಕದ ಸೀಟಿನವರು ತೆತ್ತಾಗಿರುತ್ತದೆ.