ತುತ್ತದ ನೀರಿನ ಟ್ಯಾಂಕರು

ಮೂರು ದಿನದಿಂದ ಪರೀಕ್ಷೆಯ ಸೀಸೆ ಕಡುನೀಲಿಗೇ ತಿರುಗುತ್ತಿತ್ತು. ಎಂದರೆ, ಕೊಳಚೆ ನೀರಿನ ಫಾಸ್ಫರಸ್ ಇಳಿದಿಲ್ಲ. ಅದೇ ನೀರು ಕೆಳಗಿನ ಕೆರೆಗೆ ಸೇರಿ, ಪಾಚಿ ಹಸಿರುಗಂಬಳಿಯಂತೆ ಹಬ್ಬತೊಡಗಿತ್ತು.

"ಗಾಳಿ ಮಷೀನ್ ಬಂದ್ ಮಾಡಿ ಮಲಕೊಂಡಿದ್ದಿ ಏನವಾ? ಫಾಸ್ಫರಸ್ ತಿನ್ನೋ ಬ್ಯಾಕ್ಟೀರಿಯಾ ಎಲ್ಲಾ ಉಸಿರುಗಟ್ಟಿ ಕುಂತಾವು. ತಪ್ಪಾತು ಅಂತ ಬರದು ಸೈನ್ ಮಾಡು," ಎಂದು ಹಾವೇರಿ ಕಡೆಯ ಎಂಜಿನಿಯರ್ ಸಂಗಯ್ಯ ತನುಜಾಳ ಮುಂದೆ ಕಾಗದ ಇಟ್ಟರು.

"ಸೈನ್ ಮಾಡಿದ್ರೆ ಕೆಲಸ ಹೋಗ್ತದೆ ಸರ್."

"ಮಾಡ್ಲಿಲ್ಲಂದ್ರೂ ಹೋಗ್ತದ."

ತನುಜಾ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಕೋಲಸಿರ್ಸಿಯಿಂದ ಬೆಳಗಿನ ಬಸ್ಸಿಗೆ ಬಂದು, ಸಿದ್ದಾಪುರದ ಹೊಸ ಬಡಾವಣೆಯ ಕೊಳಚೆ ನೀರು ಶುದ್ಧಿ ಮಾಡುವ ಈ ಸಣ್ಣ ಘಟಕ ನೋಡಿಕೊಳ್ಳುತ್ತಿದ್ದಳು. ಮಾತು ಕಡಿಮೆ, ಕಣ್ಣು ಚುರುಕು. ಮಷೀನು ಒಂದು ನಿಮಿಷವೂ ನಿಂತಿರಲಿಲ್ಲ. ದಿನಕರ ಹೆಗಡೆಯವರ ಟ್ಯಾಂಕರು ಬಂದು ಹೋದ ಮಾರನೇ ದಿನವೇ ಸೀಸೆ ನೀಲಿಯಾಗಿತ್ತು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಪಂಪು, ಡ್ರಮ್ಮುಗಳನ್ನು ಬಾಡಿಗೆಗೆ ಕೊಡುವ ಶೆಡ್ಡು ಅವರದ್ದು. ಅವನ್ನು ತೊಳೆದ ನೀರನ್ನೇ ಟ್ಯಾಂಕರು ಇಲ್ಲಿಯ ಗುಂಡಿಗೆ ಸುರಿದಿರಬೇಕು. ಬೂಷ್ಟು ಕೊಲ್ಲುವ ಮೈಲುತುತ್ತ, ಫಾಸ್ಫರಸ್ ತಿನ್ನುವ ಈ ಬಡಜೀವಿಗಳನ್ನು ಸುಮ್ಮನೆ ಬಿಟ್ಟೀತೇ?

ಅಷ್ಟರಲ್ಲಿ ಅದೇ ಟ್ಯಾಂಕರು ಬಂತು.

"ಗುಂಡಿ ಮುಚ್ಚಳ ತೆಗೆ ಮಾರಾಯ್ತಿ, ಇನ್ನೂ ಎರಡು ಟ್ರಿಪ್ ಅದೆ," ಎಂದ ಡ್ರೈವರ್ ಸುಭಾಷ.

ತನುಜಾ ಪೈಪಿನಿಂದ ಒಂದು ಬಕೆಟ್ ನೀರು ಹಿಡಿದಳು. ಅವಳಪ್ಪ ನಾಗಪತಿ ತುತ್ತ-ಸುಣ್ಣದ ಔಷಧಿ ಹೊಡೆಯಲು ಮರ ಹತ್ತುವ ಮೊದಲು ಉಜ್ಜಿದ ಕತ್ತಿಯನ್ನು ಡ್ರಮ್ಮಿಗೆ ಅದ್ದಿ ನೋಡುತ್ತಿದ್ದ. ತುತ್ತದೊಳಗಿನ ತಾಮ್ರ ಅಂಟಿ ಅಲಗು ಕೆಂಪಾದರೆ ಸುಣ್ಣ ಸಾಲದು, ತುತ್ತ ಇನ್ನೂ ಉಳಿದಿದೆ ಎಂದು ಲೆಕ್ಕ. ಅವಳು ಹುಲ್ಲು ಸವರುವ ಕತ್ತಿಯನ್ನು ಇಟ್ಟಿಗೆಗೆ ಉಜ್ಜಿ ಬಕೆಟ್ಟಿಗೆ ಅದ್ದಿದಳು. ಐದೇ ನಿಮಿಷ. ಅಲಗು ಹೊಸ ತಾಮ್ರದ ತಂಬಿಗೆಯ ಹಾಗೆ ಕೆಂಪಾಯಿತು.

"ನೋಡಿ ಸರ್. ಬರೀ ತುತ್ತದ ನೀರು."

ಸಂಗಯ್ಯ ದನಿ ತಗ್ಗಿಸಿದರು. "ಗೊತ್ತೈತವಾ. ಹೆಗಡೇರು ಬಡಾವಣೆ ಸಂಘದ ಅಧ್ಯಕ್ಷರು. ನಾನೇ ಹೂಂ ಅಂದೀನಿ."

"ಗೊತ್ತಿತ್ತಾ ನಿಮಗೆ?"

ಗೊತ್ತಿದ್ದೂ ಮೂರು ದಿನ ಎಲ್ಲರೆದುರು ಅವಳನ್ನು ನಿದ್ದೆಬುರುಕಿ ಎಂದು ಬೈದಿದ್ದರು. ತನುಜಾ ಕತ್ತಿ ಹಿಡಿದೇ ಹೋಗಿ ಗುಂಡಿಯ ಕಬ್ಬಿಣದ ಮುಚ್ಚಳದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು.

"ಏಳವಾ, ಹುಚ್ಚಿ!"

"ಏಳೂದಿಲ್ಲ. ಸೈನೂ ಮಾಡೂದಿಲ್ಲ."

"ಎತ್ತಿ ಆಚೆ ಇಟ್ಟು ನೋಡಿ ಸಾರ್," ಎಂದು ಸುಭಾಷ ನಕ್ಕ. "ಕೈಯಲ್ಲಿ ಕತ್ತಿ ಅದೆ ಮತ್ತೆ!"

ಸಂಗಯ್ಯ ಬೆವರೊರೆಸಿಕೊಂಡು ಫೋನ್ ಹಚ್ಚಿದರು. "ಹೆಗಡೇರೇ, ಇವತ್ತು ಆಗಂಗಿಲ್ರಿ… ಹುಡುಗಿ ಕುಂತಾಳ್ರಿ… ಈ ನೀರು ಎಲ್ಲಿಗೆ ಒಯ್ಯೋದು ಅಂತ ನನ್ನ ಕೇಳಿದ್ರ ಹೆಂಗ್ರಿ?" ಆ ಕಡೆಯ ಬೈಗುಳ ಇಲ್ಲಿಗೂ ಕೇಳುತ್ತಿತ್ತು.

"ಡ್ರಮ್ಮಿಗೇ ವಾಪಸ್ ಸುರಿಲಿ ಅನ್ನಿ," ತನುಜಾ ಮೊದಲ ಸಲ ದನಿ ಎತ್ತಿ ಕೂಗಿದಳು. "ಸುಣ್ಣ ಕಲಸಿ ಅವರ ತೋಟಕ್ಕೇ ಹೊಡೀಲಿ. ನನ್ನ ಗುಂಡಿಗೆ ಬೇಡ!"

ಸುಭಾಷ ನಗು ನಿಲ್ಲಿಸಿ, ಟ್ಯಾಂಕರು ಹಿಂದಕ್ಕೆ ತೆಗೆದ.