ಹನ್ನೊಂದು ಮಕ್ಕಳಿಗೆ ಒಬ್ಬಳೇ ಅಜ್ಜಿ

ಭಾಷೆ ಕಲಿಸುವ ಟೀಚರಿಗೆ ಆ ವರ್ಷ ಹಿಗ್ಗೋ ಹಿಗ್ಗು. ಏಳನೇ ತರಗತಿಯ ಹನ್ನೊಂದು ಮಕ್ಕಳ ಮನೆಗೆ ಕಂಪ್ಯೂಟರ್, ಇಂಟರ್‌ನೆಟ್ ಬಂದಿದ್ದವು. ನಾಲ್ಕು ಸಾಲಿಗೆ ತಿಣುಕುತ್ತಿದ್ದವರು ಈಗ ಪುಟಗಟ್ಟಲೆ ಬರೆಯುತ್ತಿದ್ದರು. ಅದರಲ್ಲೂ ದರ್ಜಿಯ ಮಗಳು, ಎಲ್ಲರೂ ಗುಬ್ಬಿ ಎನ್ನುವ ಹುಡುಗಿ, ಕೊನೆಯ ಬೆಂಚಿನಿಂದ ಮೊದಲ ಸ್ಥಾನಕ್ಕೆ ಹಾರಿದ್ದಳು.

ಅರ್ಧವಾರ್ಷಿಕ ಪರೀಕ್ಷೆಗೆ ‘ನನ್ನ ಅಜ್ಜಿ’ ಎಂಬ ಪ್ರಬಂಧ ಕೊಟ್ಟಿದ್ದರು. ಸ್ಟಾಫ್ ರೂಮಿನಲ್ಲಿ ಕೆಂಪು ಪೆನ್ನು ಹಿಡಿದು ಕೂತ ಟೀಚರು ಗುಬ್ಬಿ ಬರೆದದ್ದನ್ನು ಓದಿ ತಲೆದೂಗಿದರು. ಅವಳ ಅಜ್ಜಿ ದೋಣಿ ನಡೆಸುತ್ತಿದ್ದಳಂತೆ. ಎಡಗೈಗೆ ಕಿರುಬೆರಳಿಲ್ಲವಂತೆ. ಮುಂದಿನ ಪತ್ರಿಕೆ ತೆಗೆದರು. ಅಲ್ಲೂ ದೋಣಿ, ಅಲ್ಲೂ ಒಂಬತ್ತೇ ಬೆರಳು. ಕಂಪ್ಯೂಟರಿದ್ದ ಹನ್ನೊಂದು ಮಕ್ಕಳ ಪತ್ರಿಕೆಯಲ್ಲೂ ಅವಳೇ! ಕಾಪಿ ಹೊಡೆದರು ಎನ್ನೋಣವೆಂದರೆ ಬೇರೆ ಬೇರೆ ಕೋಣೆಯಲ್ಲಿ ಕೂತವರು. ಟೀಚರು ಗುಬ್ಬಿಯ ಪತ್ರಿಕೆಯನ್ನು ಚೀಲಕ್ಕೆ ಹಾಕಿಕೊಂಡರು.

ಸಂಜೆ ದರ್ಜಿಯ ಮನೆಗೆ ಹೋದರು. ಬಾಗಿಲು ತೆಗೆದದ್ದು ಒಬ್ಬ ಮುದುಕಿ.

“ಬನ್ನಿ ಟೀಚರ್, ನಾನು ಗುಬ್ಬಿ ಅಜ್ಜಿ.”

ಟೀಚರ ಕಣ್ಣು ತಾನಾಗಿಯೇ ಅವಳ ಎಡಗೈಗೆ ಹೋಯಿತು. ಐದು ಬೆರಳೂ ಇದ್ದವು.

ದರ್ಜಿ ಹೊಲಿಗೆ ನಿಲ್ಲಿಸಿ ಪತ್ರಿಕೆ ಓದಿ ನಕ್ಕ. “ನಮ್ಮಮ್ಮ ನೀರು ಕಂಡ್ರೆ ಮಾರುದೂರ ನಿಲ್ತಾಳೆ! ಗುಬ್ಬಿ, ಬಾ ಇಲ್ಲಿ. ಇವರು ಯಾರು ಹೇಳು?”

ಕಂಪ್ಯೂಟರ್ ಬಿಟ್ಟು ಎದ್ದು ಬಂದ ಗುಬ್ಬಿ ಮುದುಕಿಯನ್ನು ಹೊಸ ನೆಂಟರನ್ನು ನೋಡುವಂತೆ ನೋಡಿದಳು.

“ನಮ್ಮನೇಲಿರೋರು. ಒಳ್ಳೆಯೋರು. ಆದ್ರೆ ನಮ್ಮಜ್ಜಿ ಅಲ್ಲಪ್ಪ.”

ದರ್ಜಿಯ ನಗು ಅರ್ಧಕ್ಕೇ ನಿಂತಿತು. ಅವತ್ತೇ ವೈರು ಕಿತ್ತು ಕಂಪ್ಯೂಟರನ್ನು ಅಟ್ಟಕ್ಕೆ ಹಾಕಿದ. ಗುಬ್ಬಿ ಅಳಲಿಲ್ಲ, ರಂಪ ಮಾಡಲಿಲ್ಲ. ಆದರೆ ಮುಂದಿನ ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟಳು. ಮುದುಕಿಯ ಹತ್ತಿರವಂತೂ ಸುಳಿಯಲೇ ಇಲ್ಲ.

ತಿಂಗಳು ಕಳೆದ ಮೇಲೆ ಮುದುಕಿ ಒಬ್ಬಳೇ ಶಾಲೆಗೆ ಬಂದಳು.

“ಮಗು ಬರೆದದ್ದು ಓದಿ ಹೇಳಿ ಟೀಚರ್. ನಂಗೆ ಅಕ್ಷರ ಬರಲ್ಲ.”

“ಯಾಕಮ್ಮ?”

“ಅವಳಿಗೆ ಬೇಕಾದ ಅಜ್ಜಿ ಹೇಗಿದ್ಲು ಅಂತ ತಿಳ್ಕೋಬೇಡ್ವಾ?”

ಇಲ್ಲವೆನ್ನಲಾಗದೆ ಟೀಚರು ಬೀರುವಿನಿಂದ ಗುಬ್ಬಿಯ ಪತ್ರಿಕೆಯನ್ನಷ್ಟೇ ತೆಗೆದು ಮತ್ತೆ ಬೀಗ ಹಾಕಿದರು. ಓದಿ ಹೇಳಿದರು. ಮುದುಕಿ ತುಟಿ ಅಲ್ಲಾಡಿಸುತ್ತ ಒಂದೊಂದೇ ಸಾಲನ್ನು ಬಾಯಿಪಾಠ ಮಾಡಿದಳು. ಪ್ರಬಂಧ ಮುಗಿಯಿತು, ಅವಳು ನಿಲ್ಲಿಸಲಿಲ್ಲ. “ಹೊಳೆ ದಾಟುವಾಗ ಅಜ್ಜಿ ನೀರಿನ ಜೊತೆ ಮಾತಾಡುತ್ತಿದ್ದಳು,” ಎಂದಳು.

ಆ ಸಾಲು ಗುಬ್ಬಿಯ ಪತ್ರಿಕೆಯಲ್ಲಿರಲಿಲ್ಲ. ಬೀಗ ಹಾಕಿದ ಬೀರುವಿನೊಳಗಿದ್ದ ಬೇರೆ ಮಗುವಿನ ಪತ್ರಿಕೆಯಲ್ಲಿತ್ತು.

ಎರಡು ವಾರದಲ್ಲಿ ಗುಬ್ಬಿ ಮತ್ತೆ ಪುಟಗಟ್ಟಲೆ ಬರೆಯತೊಡಗಿದಳು. ದರ್ಜಿಯೇ ಹೇಳಲು ಬಂದ. “ಅಜ್ಜಿ ಮೊಮ್ಮಗಳು ಈಗ ಒಂದೇ ಜೀವ, ಟೀಚರ್.” ಆಮೇಲೆ ದನಿ ತಗ್ಗಿಸಿದ. “ಆದ್ರೆ ಇವತ್ತು ಬೆಳಗ್ಗೆ ಅಮ್ಮಾ ಅಂತ ಕರೆದೆ. ನೀನು ಯಾರ ಮನೆ ಮಗನಪ್ಪಾ ಅಂದ್ಲು.”